ಟೀವಿಗೆ ಮನೆ ಸರ್ವರ್ ಸಿಗ್ತಿಲ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ವಿಡಿಯೊ, ಧ್ವನಿ ಫೈಲ್‌ಗಳನ್ನೆಲ್ಲ ಒಂದು ಕಡೆ ಇಟ್ಟುಕೊಂಡು ಟೀವಿ, ಫೋನುಗಳಿಗೆ ಕೊಡುವ ಕಂಪ್ಯೂಟರೇ ಸರ್ವರ್. ನಮ್ಮ ಮನೆಯದ್ದು ಒಂದು ಹಳೆಯ ಲ್ಯಾಪ್‌ಟಾಪ್. ಅದಕ್ಕೆ ವಿಂಡೋಸ್ ಬದಲು ಉಬುಂಟು ಎಂಬ ಲಿನಕ್ಸ್ ಹಾಕಿ, 4 ಟಿಬಿಯ ಡಿಸ್ಕ್ ಚುಚ್ಚಿ, ಷೋಕೇಸಿನ ಕೆಳಗೆ ಇಟ್ಟಿದ್ದೇವೆ. ಅಪ್ಪ ಟೇಪಿನಲ್ಲಿ ಹಿಡಿದಿಟ್ಟ ತಾಳಮದ್ದಳೆಗಳು, ತಂಗಿಯ ಮದುವೆ ವಿಡಿಯೊ, ಮಕ್ಕಳ ಶಾಲೆಯ ನಾಟಕ, ಒಂದಷ್ಟು ಸಿನಿಮಾ ಎಲ್ಲ ಅದರಲ್ಲಿವೆ. ಹಾಲ್‌ನ ಟೀವಿಯಲ್ಲಿ ವಿಡಿಯೊ ಓಡಿಸುವ ಕೋಡಿ ಎಂಬ ಆ್ಯಪ್ ಇದೆ, ಅಂಥದ್ದೇ ಇನ್ನೊಂದು ಆ್ಯಪ್ ಅಡುಗೆಮನೆಯ ಟ್ಯಾಬ್‌ನಲ್ಲಿ ವಿಎಲ್‌ಸಿ. ಇದನ್ನು ನೋಡಿದ ನೆಂಟರು, ಸ್ನೇಹಿತರು ತಮ್ಮ ಮನೆಯಲ್ಲೂ ಮಾಡಿಕೊಂಡರು. ಆಮೇಲೆ ಫೋನಿನಲ್ಲಿ, ಪತ್ರದಲ್ಲಿ, ಊಟಕ್ಕೆ ಕೂತಾಗ ಬಂದ ಪ್ರಶ್ನೆಗಳೇ ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲು ಗೊತ್ತಿರಬೇಕಾದದ್ದು

ಪೆನ್‌ಡ್ರೈವ್ ಟೀವಿಗೆ ಚುಚ್ಚಿದರೆ ಸಾಲದಾ? ಸರ್ವರ್ ಯಾಕೆ ಬೇಕು?

ಒಂದೇ ಟೀವಿ, ಅಪರೂಪಕ್ಕೆ ಒಂದು ಸಿನಿಮಾ ಅಂದರೆ ಪೆನ್‌ಡ್ರೈವ್ ಸಾಕು. ಆದರೆ ಫ್ಯಾಟ್ 32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಮನೆಯ ವಿಡಿಯೊಗಳು ಐದಾರು ಪೆನ್‌ಡ್ರೈವ್‌ಗಳಲ್ಲಿ ಚೆಲ್ಲಾಪಿಲ್ಲಿಯಾಗಿ ಕೊನೆಗೆ ಯಾವುದರಲ್ಲಿ ಏನಿದೆ ಎಂದೇ ತಿಳಿಯದೆ ಹೋಗುತ್ತದೆ. ಎಲ್ಲ ಒಂದು ಕಡೆ ಇದ್ದರೆ ಯಾವ ಕೋಣೆಯಿಂದ ಬೇಕಾದರೂ ನೋಡಬಹುದು, ಬ್ಯಾಕಪ್ ತೆಗೆಯುವುದೂ ಸುಲಭ. ಸರ್ವರ್ ಎಂದರೆ ದೊಡ್ಡ ಯಂತ್ರವೇನಲ್ಲ. ಹಳೆಯ ಲ್ಯಾಪ್‌ಟಾಪ್ ಆಗುತ್ತದೆ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರೂ ಆಗುತ್ತದೆ.

ಲ್ಯಾಪ್‌ಟಾಪ್ ಆದರೆ ಎರಡು ವಿಷಯ ನೆನಪಿರಲಿ. ಮುಚ್ಚಳ ಹಾಕಿದರೆ ಅದು ನಿದ್ದೆಗೆ ಹೋಗುತ್ತದೆ, ಟೀವಿಗೆ ಸರ್ವರೇ ಮಾಯ! ಮುಚ್ಚಳ ಹಾಕಿದರೂ ಎಚ್ಚರ ಇರುವಂತೆ ಸೆಟ್ಟಿಂಗ್ ಬದಲಿಸಿ. ಇನ್ನು, ಸದಾ ಚಾರ್ಜಿಗೆ ಇಟ್ಟ ಹಳೆಯ ಬ್ಯಾಟರಿ ಉಬ್ಬಬಹುದು. ತಿಂಗಳಿಗೊಮ್ಮೆ ತಿರುವಿ ನೋಡಿ. ಉಬ್ಬಿದ್ದರೆ ತಡಮಾಡದೆ ತೆಗೆಸಿ.

ಸಾಂಬಾ, ಡಿಎಲ್‌ಎನ್‌ಎ, ಎನ್‌ಎಫ್‌ಎಸ್, ಜೆಲ್ಲಿಫಿನ್ ಅಂತ ಏನೇನೋ ಹೇಳ್ತಾರೆ. ನಾನು ಯಾವುದು ಹಾಕಲಿ?

ಮೊದಲಿಗೆ ಸಾಂಬಾ ಹಾಕಿ. ವಿಂಡೋಸ್ ಕಂಪ್ಯೂಟರುಗಳು ಫೋಲ್ಡರ್ ಹಂಚಿಕೊಳ್ಳಲು ಆಡುವ ಭಾಷೆಯ ಹೆಸರು ಎಸ್‌ಎಂಬಿ. ಲಿನಕ್ಸ್‌ಗೂ ಆ ಭಾಷೆ ಬರುವಂತೆ ಮಾಡುವುದೇ ಸಾಂಬಾ. 1990ರ ದಶಕದ ಶುರುವಿನಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಇದನ್ನು ಬರೆಯಲು ತೊಡಗಿದರು. ಎಸ್, ಎಂ, ಬಿ ಈ ಮೂರು ಅಕ್ಷರ ಅದೇ ಸಾಲಿನಲ್ಲಿ ಬರುವ ಪದ ಹುಡುಕಿ ಹೆಸರಿಟ್ಟರು. ನಮ್ಮ ಸಾಂಬಶಿವನಿಗೂ ಅದಕ್ಕೂ ನಂಟಿಲ್ಲ, ಆದರೂ ನಮ್ಮ ಮನೆಯಲ್ಲಿ ಎಲ್ಲರ ಬಾಯಿಗೂ ಬೇಗ ಹತ್ತಿದ ಹೆಸರು ಅದೇ.

ಟೀವಿಗೆ ಆ್ಯಪ್ ಹಾಕಲು ಬರುವುದಿಲ್ಲ, ಅದರ ಸ್ವಂತ ಪ್ಲೇಯರ್ ಮಾತ್ರ ಇದೆ ಎಂದರೆ ಅಂಥ ಟೀವಿಗಳಿಗೆ ಅರ್ಥವಾಗುವ ಡಿಎಲ್‌ಎನ್‌ಎ ಎಂಬ ಭಾಷೆ ಬೇಕಾಗುತ್ತದೆ. ಜೆಲ್ಲಿಫಿನ್ ಎಂಬ ಸರ್ವರ್ ಪ್ರೋಗ್ರಾಮ್ ಪೋಸ್ಟರ್, ಕಥೆ, ಎಲ್ಲಿಗೆ ನಿಲ್ಲಿಸಿದ್ದೆವು ಎಂಬುದನ್ನೆಲ್ಲ ನೋಡಿಕೊಳ್ಳುತ್ತದೆ. ಟೀವಿಗೆ ಅರ್ಥವಾಗದ ಫೈಲನ್ನು ಓಡಿಸುತ್ತಲೇ ಬದಲಿಸಿ ಕೊಡುತ್ತದೆ. ಆದರೆ ಸರ್ವರಿಗೆ ಕೆಲಸ ಜಾಸ್ತಿ. ಎನ್‌ಎಫ್‌ಎಸ್ ಕೂಡ ಫೋಲ್ಡರ್ ಹಂಚುವ ಭಾಷೆಯೇ, ಆದರೆ ಲಿನಕ್ಸ್ ಬಲ್ಲವರಿಗೆ. ನಾಲ್ಕನ್ನೂ ಒಂದೇ ದಿನ ಹಾಕಬೇಡಿ. ತೊಂದರೆ ಬಂದಾಗ ಯಾವುದರದ್ದು ಎಂದು ಹುಡುಕುವುದರಲ್ಲೇ ಸುಸ್ತಾಗುತ್ತೀರಿ.

ಏನೋ ಕೆಲಸ ಮಾಡ್ತಿಲ್ಲ. ಎಲ್ಲಿಂದ ನೋಡೋಕೆ ಶುರು ಮಾಡಲಿ?

ನಾನು ಯಾರಿಗೇ ಆದರೂ ಮೊದಲು ಹೇಳುವುದು ಇದನ್ನೇ. ಸರ್ವರ್ ಟೀವಿಗೆ ಕಾಣದಿರುವುದು ಒಂದು ತೊಂದರೆ. ಕಂಡರೂ ಒಳಗೆ ಬಿಡದಿರುವುದು ಇನ್ನೊಂದು. ಒಳಗೆ ಬಿಟ್ಟು ಫೈಲ್ ಸರಿಯಾಗಿ ಓಡದಿರುವುದು ಮೂರನೆಯದು. ಮೂರೂ ಬೇರೆ ಬೇರೆ. ಕಾಣದಿದ್ದರೆ ರೌಟರ್, ಕೇಬಲ್, ವಿಳಾಸ ನೋಡಬೇಕು. ಒಳಗೆ ಬಿಡದಿದ್ದರೆ ಪಾಸ್‌ವರ್ಡ್ ಮತ್ತು ಫೋಲ್ಡರಿನ ಅನುಮತಿ. ತಡೆದು ತಡೆದು ಓಡಿದರೆ ವೇಗ, ಡಿಸ್ಕ್, ಇಲ್ಲವೇ ಫೈಲಿನ ಒಳಗೇ ಇರುವ ಕಾರಣ. ತಡೆದು ಓಡುವ ವಿಡಿಯೊಗೆ ಪಾಸ್‌ವರ್ಡ್ ಬದಲಿಸಿ ಪ್ರಯೋಜನವಿಲ್ಲ, ಅಲ್ವಾ? ಆದರೂ ಗಾಬರಿಯಲ್ಲಿ ಎಷ್ಟೋ ಜನ ಅದನ್ನೇ ಮಾಡುತ್ತಾರೆ.

ಎರಡನೆಯದು, ಟೀವಿ ಮತ್ತು ಸರ್ವರ್ ಬಿಟ್ಟು ಇನ್ನೊಂದು ಸಾಕ್ಷಿ ಇಟ್ಟುಕೊಳ್ಳಿ. ನಿಮ್ಮ ಫೋನಿಗೆ ವಿಎಲ್‌ಸಿ ಹಾಕಿ, ಅದೇ ವೈಫೈನಲ್ಲಿ ಅದೇ ಫೈಲ್ ತೆರೆದು ನೋಡಿ. ಫೋನಿನಲ್ಲಿ ಬಂದರೆ ಸರ್ವರ್ ಸರಿ ಇದೆ, ಟೀವಿ ಕಡೆ ನೋಡಿ. ಫೋನಿನಲ್ಲೂ ಬರದಿದ್ದರೆ ಟೀವಿಯನ್ನು ಸುಮ್ನೆ ಬಿಡಿ, ಸರ್ವರ್ ಮತ್ತು ರೌಟರ್ ಕಡೆ ಹೋಗಿ. ಐದು ನಿಮಿಷದ ಈ ಪರೀಕ್ಷೆ ಅರ್ಧ ದಿನ ಉಳಿಸುತ್ತದೆ.

ಮೂರನೆಯದು, ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಫಲ ಕೊಡದಿದ್ದರೆ ಹಿಂದಿನಂತೆ ಮಾಡಿ, ಆಮೇಲೆ ಮುಂದಿನದ್ದು.

## ಸರ್ವರೇ ಕಾಣುತ್ತಿಲ್ಲ

ನಿನ್ನೆವರೆಗೂ ಚೆನ್ನಾಗಿತ್ತು. ಕರೆಂಟ್ ಹೋಗಿ ಬಂದ ಮೇಲೆ ಟೀವಿಯಲ್ಲಿ ಸರ್ವರ್ ಇಲ್ಲ.

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಅದರಲ್ಲೂ ಮಳೆಗಾಲದಲ್ಲಿ. ಕಾರಣ ಹೆಚ್ಚಿನ ಸಲ ಒಂದೇ. ಮನೆಯ ಪ್ರತಿ ಸಾಧನಕ್ಕೂ ರೌಟರ್ ಒಂದು ಐಪಿ ವಿಳಾಸ ಕೊಡುತ್ತದೆ. ಉದಾಹರಣೆಗೆ ಸರ್ವರಿಗೆ 192.168.1.20. ಅದು ಕಾಯಂ ಅಲ್ಲ, ಬಾಡಿಗೆಗೆ ಕೊಟ್ಟದ್ದು. ಕರೆಂಟ್ ಹೋಗಿ ರೌಟರ್ ಮತ್ತೆ ಶುರುವಾದಾಗ ಆ ಸಂಖ್ಯೆ ಬೇರೆ ಯಾರದೋ ಫೋನಿಗೆ ಹೋಗಿರಬಹುದು, ಸರ್ವರಿಗೆ 192.168.1.23 ಸಿಕ್ಕಿರಬಹುದು. ಟೀವಿ ಮಾತ್ರ ಹಳೆಯ ವಿಳಾಸದ ಬಾಗಿಲನ್ನೇ ಬಡಿಯುತ್ತಿರುತ್ತದೆ.

ರೌಟರಿನ ಸೆಟ್ಟಿಂಗ್ ಪುಟ ತೆರೆದು ಡಿಎಚ್‌ಸಿಪಿ ರಿಸರ್ವೇಶನ್ ಅಥವಾ ಅಡ್ರೆಸ್ ರಿಸರ್ವೇಶನ್ ಎಂಬ ಕಡೆ ಹೋಗಿ, ಸರ್ವರಿಗೆ ಒಂದು ವಿಳಾಸ ಕಾಯಂ ಮಾಡಿ. ಸರ್ವರ್ ವೈಫೈನಲ್ಲೂ ಕೇಬಲಿನಲ್ಲೂ ಇದ್ದರೆ ಅದಕ್ಕೆ ಎರಡು ಮ್ಯಾಕ್ ವಿಳಾಸ (ರೌಟರ್ ಸಾಧನವನ್ನು ಗುರುತಿಸುವ ಸಂಖ್ಯೆ) ಇರುತ್ತವೆ ಎಂಬುದು ನೆನಪಿರಲಿ. ಕೇಬಲಿನದ್ದಕ್ಕೆ ರಿಸರ್ವ್ ಮಾಡಿ, ವೈಫೈ ಆರಿಸಿಬಿಡಿ. ಒಂದು ಸಲ ಮಾಡಿದರೆ ಈ ತೊಂದರೆ ಮತ್ತೆ ಬಾರದು.

ಎರಡೂ ನಮ್ಮ ಮನೆ ವೈಫೈನಲ್ಲೇ ಇವೆ. ಆದರೂ ಒಂದಕ್ಕೊಂದು ಕಾಣಲ್ಲ ಅಂದ್ರೆ ಹೇಗೆ?

ಮನೆಯಲ್ಲಿ ಎರಡು ಡಬ್ಬಿ ಇವೆಯೇ ನೋಡಿ. ಫೈಬರ್‌ನವರು ಗೋಡೆಗೆ ಹೊಡೆದು ಹೋದದ್ದು ಒಂದು, ಮಹಡಿಗೆ ಸಿಗ್ನಲ್ ಸಾಲದೆಂದು ನೀವೇ ತಂದದ್ದು ಇನ್ನೊಂದು. ಎರಡೂ ರೌಟರ್‌ಗಳಾಗಿ ಕೆಲಸ ಮಾಡುತ್ತಿದ್ದರೆ ಒಂದೇ ಮನೆಯೊಳಗೆ ಎರಡು ಬೀದಿಗಳು ಆದಂತೆ. ಟೀವಿಯ ವಿಳಾಸ 192.168.1 ಎಂದೂ ಸರ್ವರಿನದ್ದು 192.168.0 ಎಂದೂ ಶುರುವಾದರೆ ಇದೇ ಕಾರಣ. ಇಂಟರ್‌ನೆಟ್ ಎರಡಕ್ಕೂ ಬರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ನೀವು ತಂದ ರೌಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಿ. ಆಗ ವಿಳಾಸ ಕೊಡುವ ಕೆಲಸ ಒಂದೇ ಡಬ್ಬಿಯದ್ದಾಗುತ್ತದೆ.

ವಿಳಾಸಗಳ ಶುರು ಒಂದೇ ಇದ್ದೂ ಕಾಣದಿದ್ದರೆ, ಟೀವಿಯನ್ನು ಗೆಸ್ಟ್ ವೈಫೈಗೆ ಜೋಡಿಸಿದ್ದೀರಾ ನೋಡಿ. ಅತಿಥಿಗಳು ಮನೆಯ ಸಾಧನಗಳನ್ನು ನೋಡಬಾರದು ಎಂದೇ ಅದನ್ನು ಮಾಡಿರುವುದು. ಕೆಲವು ರೌಟರ್‌ಗಳಲ್ಲಿ, ಸಾಧನಗಳು ಒಂದಕ್ಕೊಂದು ಕಾಣದಂತೆ ಮಾಡುವ ಎಪಿ ಐಸೊಲೇಶನ್ ಎಂಬ ಆಯ್ಕೆ ಮುಖ್ಯ ವೈಫೈನಲ್ಲೂ ಇರುತ್ತದೆ. ಅದನ್ನು ಆರಿಸಬೇಕು.

ಐಪಿ ಹೊಡೆದರೆ ತೆರೆಯುತ್ತೆ, ಆದರೆ ಕೋಡಿಯ ಪಟ್ಟಿಯಲ್ಲಿ ಸರ್ವರ್ ಹೆಸರು ಬರಲ್ಲ. ಹಾಳಾಗಿದೆಯಾ?

ಹಾಳಾಗಿಲ್ಲ. ಹಿಂದೆ ಹೆಸರುಗಳ ಪಟ್ಟಿ ತೋರಿಸುತ್ತಿದ್ದುದು ಹಳೆಯ ನೆಟ್‌ಬಯೋಸ್ ವ್ಯವಸ್ಥೆ, ಅದು ಎಸ್‌ಎಂಬಿಯ ಮೊದಲ ಆವೃತ್ತಿಯಾದ ಎಸ್‌ಎಂಬಿ 1ರ ಜೊತೆ ಹೆಣೆದುಕೊಂಡಿತ್ತು. ಎಸ್‌ಎಂಬಿ 2, 3ರಲ್ಲಿ ಆ ಹಳೆಯ ದಾರಿ ಇಲ್ಲ. ವಿಡಿಯೊ ಸೇರಿಸುವಾಗ ಪಟ್ಟಿಯಲ್ಲಿ ಹುಡುಕದೆ, ನೆಟ್‌ವರ್ಕ್ ಜಾಗ ಸೇರಿಸುವ ಆಯ್ಕೆ ಒತ್ತಿ, ಐಪಿ ವಿಳಾಸ ಮತ್ತು ಹಂಚಿದ ಫೋಲ್ಡರಿನ ಹೆಸರು ನೀವೇ ಬರೆಯಿರಿ. ವಿಂಡೋಸ್‌ನಲ್ಲೂ ಹೆಸರು ಕಾಣಬೇಕಿದ್ದರೆ ಸರ್ವರಿಗೆ ಡಬ್ಲ್ಯುಎಸ್‌ಡಿಡಿ ಎಂಬ ಪುಟ್ಟ ಪ್ರೋಗ್ರಾಮ್ ಹಾಕಬಹುದು. ಅದು ಅಲಂಕಾರಕ್ಕೆ, ವಿಡಿಯೊ ಓಡಲು ಬೇಕಿಲ್ಲ.

ಐಪಿ ಹೊಡೆದರೂ ಬರಲ್ಲ. ಪಿಂಗ್ ಮಾಡಿದರೆ ಮಾತ್ರ ಉತ್ತರ ಬರುತ್ತೆ.

ಪಿಂಗ್ ಎಂದರೆ ‘ಇದ್ದೀಯಾ?’ ಎಂದು ಕೂಗಿ ಕೇಳಿದಂತೆ. ಉತ್ತರ ಬಂದಿದೆ ಎಂದರೆ ದಾರಿ ಸರಿ ಇದೆ, ಬಾಗಿಲು ಮುಚ್ಚಿದೆ. ಎಸ್‌ಎಂಬಿಯ ಬಾಗಿಲು ಪೋರ್ಟ್ 445. ಉಬುಂಟುವಿನಲ್ಲಿ ಫೈರ್‌ವಾಲ್ ಎಂಬ ಕಾವಲು ಹಾಕಿದ್ದರೆ ಸಾಂಬಾಗೆ ಅನುಮತಿ ಕೊಡಿ. ಸರ್ವರ್ ವಿಂಡೋಸ್ ಆಗಿದ್ದರೆ ನಿಮ್ಮ ವೈಫೈ ಪಬ್ಲಿಕ್ ಎಂದು ಗುರುತಾಗಿದೆಯೇ ನೋಡಿ, ಪ್ರೈವೇಟ್ ಎಂದು ಬದಲಿಸಿ. ಸಾಂಬಾ ಓಡುತ್ತಲೇ ಇಲ್ಲದಿರಬಹುದು ಕೂಡ. ಅದರ ಸೆಟ್ಟಿಂಗ್ ಫೈಲಿನಲ್ಲಿ ತಪ್ಪಿದ್ದರೆ ಟೆಸ್ಟ್‌ಪಾರ್ಮ್ ಎಂಬ ಕಮಾಂಡ್ ತೋರಿಸಿಕೊಡುತ್ತದೆ.

ಡಿಎಲ್‌ಎನ್‌ಎ ಸರ್ವರ್ ಒಮ್ಮೆ ಕಾಣುತ್ತೆ, ಸ್ವಲ್ಪ ಹೊತ್ತಿಗೆ ಮಾಯ. ಹೊಸ ಸಿನಿಮಾ ಹಾಕಿದರೂ ಬರಲ್ಲ.

ಡಿಎಲ್‌ಎನ್‌ಎ ಸರ್ವರ್ ತಾನಿದ್ದೇನೆ ಎಂದು ಆಗಾಗ ಎಲ್ಲರಿಗೂ ಕೂಗಿ ಹೇಳುತ್ತದೆ. ಇದಕ್ಕೆ 239.255.255.250 ಎಂಬ ಸಾಮೂಹಿಕ ವಿಳಾಸವಿದೆ, ಯುಡಿಪಿ ಪೋರ್ಟ್ 1900. ಕೆಲವು ರೌಟರ್‌ಗಳು ಈ ಕೂಗನ್ನು ವೈಫೈ ಕಡೆಗೆ ದಾಟಿಸುವುದಿಲ್ಲ. ರೌಟರಿನಲ್ಲಿ ಐಜಿಎಂಪಿ ಸ್ನೂಪಿಂಗ್ ಎಂಬುದು ಇದ್ದರೆ ಒಮ್ಮೆ ಆರಿಸಿ ನೋಡಿ. ಕರೆಂಟ್ ಬಂದ ಕೂಡಲೇ ನೆಟ್‌ವರ್ಕ್ ಸಿದ್ಧವಾಗುವ ಮೊದಲೇ ಮಿನಿಡಿಎಲ್‌ಎನ್‌ಎ ಎಂಬ ಡಿಎಲ್‌ಎನ್‌ಎ ಸರ್ವರ್ ಪ್ರೋಗ್ರಾಮ್ ಶುರುವಾಗಿದ್ದರೂ ಹೀಗಾಗುತ್ತದೆ, ಅದನ್ನು ರೀಸ್ಟಾರ್ಟ್ ಮಾಡಿದರೆ ಸಾಕು.

ಹೊಸ ಸಿನಿಮಾ ಬರದಿರುವುದು ಬೇರೆ ವಿಷಯ. ಡಿಎಲ್‌ಎನ್‌ಎ ತೋರಿಸುವುದು ಫೋಲ್ಡರನ್ನಲ್ಲ, ತಾನು ಮಾಡಿಟ್ಟುಕೊಂಡ ಪಟ್ಟಿಯನ್ನು. ಪಟ್ಟಿ ಹೊಸದಾಗಬೇಕು. ಫೋಲ್ಡರ್‌ಗಳು ಸಾವಿರಗಟ್ಟಲೆ ಇದ್ದರೆ ಎಲ್ಲದರ ಮೇಲೂ ಕಣ್ಣಿಡಲು ಲಿನಕ್ಸ್ ಹಾಕಿರುವ ಮಿತಿ ಸಾಲುವುದಿಲ್ಲ. ಆ ಮಿತಿ ಹೆಚ್ಚಿಸಬೇಕು, ಇಲ್ಲವೇ ರಾತ್ರಿ ಒಮ್ಮೆ ತಾನಾಗಿ ರೀಸ್ಕ್ಯಾನ್ ಆಗುವಂತೆ ಇಡಬೇಕು.

## ಕಾಣುತ್ತದೆ, ಒಳಗೆ ಬಿಡುವುದಿಲ್ಲ

ಪಾಸ್‌ವರ್ಡ್ ನೂರಕ್ಕೆ ನೂರು ಸರಿ ಇದೆ. ಆದರೂ ತಪ್ಪು ಅಂತಿದೆ.

ಉಬುಂಟುವಿನ ಪಾಸ್‌ವರ್ಡ್ ಬೇರೆ, ಸಾಂಬಾದ ಪಾಸ್‌ವರ್ಡ್ ಬೇರೆ. ಒಂದೇ ಬಳಕೆದಾರನ ಹೆಸರಾದರೂ ಸಾಂಬಾ ತನ್ನದೇ ಪಟ್ಟಿ ಇಟ್ಟುಕೊಳ್ಳುತ್ತದೆ. ಆ ಪಟ್ಟಿಗೆ ಬಳಕೆದಾರನನ್ನು ಒಮ್ಮೆ ಸೇರಿಸಿ, ಅಲ್ಲೂ ಪಾಸ್‌ವರ್ಡ್ ಕೊಡಬೇಕು. ನೀವು ಲಾಗಿನ್ ಪಾಸ್‌ವರ್ಡ್ ಬದಲಿಸಿದಾಗ ಇದು ತಾನಾಗಿ ಬದಲಾಗುವುದಿಲ್ಲ. ಇನ್ನೊಂದು, ಟೀವಿ ರಿಮೋಟಿನಲ್ಲಿ ಟೈಪ್ ಮಾಡುವಾಗ ಮೊದಲ ಅಕ್ಷರ ದೊಡ್ಡದಾಗಿ ಬಿದ್ದುಬಿಡುತ್ತದೆ. ಚುಕ್ಕಿಗಳ ಹಿಂದೆ ಅದು ಕಾಣುವುದಿಲ್ಲ. ಟೀವಿಗಾಗಿಯೇ ಒಬ್ಬ ಬಳಕೆದಾರನನ್ನು ಮಾಡಿ, ಅವನಿಗೆ ಓದುವ ಅನುಮತಿ ಮಾತ್ರ ಕೊಡುವುದು ನನಗೆ ಇಷ್ಟ. ಮಗು ರಿಮೋಟ್ ಒತ್ತಿ ಮದುವೆ ವಿಡಿಯೊ ಅಳಿಸುವ ಭಯ ಇರುವುದಿಲ್ಲ.

ಉಬುಂಟು ಹೊಸದು ಮಾಡಿದ ಮೇಲೆ ಹಳೆಯ ಪ್ಲೇಯರ್ ಡಬ್ಬಿ ಸರ್ವರನ್ನೇ ಮುಟ್ಟುತ್ತಿಲ್ಲ.

ಹಳೆಯ ಡಬ್ಬಿಗೆ ಎಸ್‌ಎಂಬಿ 1 ಬಿಟ್ಟು ಬೇರೆ ಬರುವುದಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ವೈರಸ್ ಲೋಕದ ಕಂಪ್ಯೂಟರುಗಳಿಗೆ ಬೀಗ ಹಾಕಿ ಹಣ ಕೇಳಿತಲ್ಲ, ಅದು ಹರಡಿದ್ದು ಎಸ್‌ಎಂಬಿ 1ರಲ್ಲಿದ್ದ ಬಿರುಕಿನಿಂದ. ಆಮೇಲೆ ಎಲ್ಲರೂ ಅದನ್ನು ಕೈಬಿಟ್ಟರು. 2019ರಲ್ಲಿ ಬಂದ ಸಾಂಬಾ 4.11ರಿಂದ ಅದು ಮೊದಲೇ ಆರಿಸಿರುತ್ತದೆ. ಉಬುಂಟು 20.04ರಲ್ಲಿ ಇದ್ದದ್ದು ಅದೇ ಸಾಂಬಾ.

ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಸೇರಿಸಿ ಎಸ್‌ಎಂಬಿ 1 ಮತ್ತೆ ತೆರೆಯಬಹುದು. ಆದರೆ ಮನೆಯವರೆಲ್ಲರ ಫೋಟೊ ಇರುವ ಸರ್ವರಿಗೆ ಹಾಗೆ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಮೊದಲು ಪ್ಲೇಯರಿನ ಆ್ಯಪ್ ಹೊಸದು ಮಾಡಿ. ಕೋಡಿಯಾದರೆ 2019ರ 18ನೇ ಆವೃತ್ತಿ ಅಥವಾ ಅದರ ನಂತರದ್ದು ಇರಲಿ, ಸೆಟ್ಟಿಂಗಿನಲ್ಲಿ ಎಸ್‌ಎಂಬಿಯ ಕನಿಷ್ಠ, ಗರಿಷ್ಠ ಆವೃತ್ತಿ ಆರಿಸಬಹುದು. ಡಬ್ಬಿಯೇ ಹಳೆಯದು, ಏನೂ ಹಾಕಲಾಗುವುದಿಲ್ಲ ಎಂದರೆ ಅದಕ್ಕೆ ಡಿಎಲ್‌ಎನ್‌ಎ ಮೂಲಕ ಕೊಡಿ.

ಫೋಲ್ಡರ್ ತೆರೆಯುತ್ತೆ, ಒಳಗೆ ಖಾಲಿ! ಫೈಲ್‌ಗಳು ಎಲ್ಲಿ ಹೋದವು?

ಹೆದರಬೇಡಿ, ಹೋಗಿರುವುದಿಲ್ಲ. ಇದಕ್ಕೆ ನಾನು ಕಂಡ ಕಾರಣಗಳು ಎರಡು.

ಮೊದಲನೆಯದು ಅನುಮತಿ. ಲಿನಕ್ಸ್‌ನಲ್ಲಿ ಒಂದು ಫೋಲ್ಡರಿಗೆ ಹೋಗಬೇಕಾದರೆ ಅದರ ಮೇಲಿನ ಪ್ರತಿ ಫೋಲ್ಡರನ್ನೂ ದಾಟುವ ಅನುಮತಿ ಬೇಕು. ಕೋಣೆಯ ಕೀಲಿ ಇದ್ದು ಹೆಬ್ಬಾಗಿಲಿನ ಕೀಲಿ ಇಲ್ಲದಿದ್ದರೆ ಆಗುತ್ತದೆಯೇ? ಉಬುಂಟು 21.04ರಿಂದ ಹೊಸದಾಗಿ ಮಾಡುವ ಹೋಮ್ ಫೋಲ್ಡರಿನೊಳಗೆ ಬೇರೆ ಬಳಕೆದಾರರು ಇಣುಕಲೂ ಆಗುವುದಿಲ್ಲ. ಡೆಸ್ಕ್‌ಟಾಪಿನಲ್ಲಿ ತಾನಾಗಿ ಜೋಡಣೆಯಾಗುವ ಯುಎಸ್‌ಬಿ ಡಿಸ್ಕ್ ಕೂಡ ಲಾಗಿನ್ ಆದವರಿಗೆ ಮಾತ್ರ ಸಿಗುತ್ತದೆ. ಅದಕ್ಕೇ ಹಂಚುವ ಫೈಲ್‌ಗಳನ್ನು ಹೋಮ್ ಫೋಲ್ಡರಿನಲ್ಲಿ ಇಡಬೇಡಿ. ಹೊರಗೆ ಪ್ರತ್ಯೇಕ ಫೋಲ್ಡರ್ ಮಾಡಿ, ಡಿಸ್ಕನ್ನು ಅಲ್ಲಿಗೆ ಜೋಡಿಸಿ. ಡಿಸ್ಕನ್ನು ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ್ದರೆ ಅನುಮತಿಯನ್ನು ಜೋಡಿಸುವಾಗಲೇ ಕೊಡಬೇಕು, ಆಮೇಲೆ ಬದಲಿಸಿದರೆ ಫಲವಿಲ್ಲ.

ಎರಡನೆಯದು, ಡಿಸ್ಕೇ ಜೋಡಣೆಯಾಗಿಲ್ಲ. ಸರ್ವರ್ ರೀಸ್ಟಾರ್ಟ್ ಆದಾಗ ಎರಡು ಡಿಸ್ಕ್‌ಗಳ ಕ್ರಮ ಅದಲುಬದಲಾಗಬಹುದು. ಯಾವ ಡಿಸ್ಕ್ ಎಲ್ಲಿಗೆ ಜೋಡಣೆಯಾಗಬೇಕು ಎಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಡಿಸ್ಕಿನ ಹೆಸರಿನ ಬದಲು ಯುಯುಐಡಿ (ಅದರ ಬದಲಾಗದ ಗುರುತಿನ ಸಂಖ್ಯೆ) ಬರೆಯಿರಿ, ಜೊತೆಗೆ ನೋಫೇಲ್ ಎಂಬ ಆಯ್ಕೆ ಕೊಡಿ. ಇಲ್ಲದಿದ್ದರೆ ಡಿಸ್ಕ್ ಸಿಗದ ದಿನ ಸರ್ವರ್ ಪೂರ್ತಿ ಶುರುವಾಗದೆ ಅರ್ಧಕ್ಕೆ ನಿಲ್ಲುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಜೋಡಣೆಯಾಗದ ಖಾಲಿ ಫೋಲ್ಡರಿಗೆ ಫೈಲ್ ಕಾಪಿ ಮಾಡಿದರೆ ಅವು ಲ್ಯಾಪ್‌ಟಾಪಿನ ಒಳ ಡಿಸ್ಕಿಗೆ ಹೋಗುತ್ತವೆ. ಡಿಸ್ಕ್ ಮತ್ತೆ ಜೋಡಣೆಯಾದಾಗ ಅದರಡಿ ಮುಚ್ಚಿಹೋಗುತ್ತವೆ. ನನ್ನ ಮಗಳ ನಾಟಕದ ವಿಡಿಯೊ ಹೀಗೇ ಮೂರು ತಿಂಗಳು ಕಳೆದುಹೋಗಿತ್ತು. ಡಿಸ್ಕ್ ಬಿಚ್ಚಿದ ದಿನ ಸಿಕ್ಕಿತು.

ವಿಂಡೋಸ್ 11 ಲ್ಯಾಪ್‌ಟಾಪಿನಿಂದ ಸರ್ವರಿಗೆ ಫೈಲ್ ಹಾಕೋಕೆ ಆಗ್ತಿಲ್ಲ. ಮೊದಲು ಪಾಸ್‌ವರ್ಡೇ ಕೇಳ್ತಿರಲಿಲ್ಲ.

ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶವನ್ನು ವಿಂಡೋಸ್ 11 ಪ್ರೊ, 2024ರ 24ಎಚ್2 ಆವೃತ್ತಿಯಿಂದ ಒಪ್ಪುವುದಿಲ್ಲ. ವಿಂಡೋಸ್ ಕಡೆ ಕಾವಲು ಸಡಿಲಿಸುವ ಬದಲು ಸಾಂಬಾದಲ್ಲಿ ಒಬ್ಬ ಬಳಕೆದಾರನನ್ನು ಮಾಡಿ, ಪಾಸ್‌ವರ್ಡ್ ಕೊಡಿ. ಒಂದು ಸಲ ಕೊಟ್ಟರೆ ವಿಂಡೋಸ್ ನೆನಪಿಟ್ಟುಕೊಳ್ಳುತ್ತದೆ.

## ಓಡುತ್ತದೆ, ಆದರೆ ಸರಿಯಾಗಿ ಅಲ್ಲ

ಸಿನಿಮಾ ಚೆನ್ನಾಗಿ ಓಡುತ್ತೆ. ಮದುವೆಯ 4ಕೆ ವಿಡಿಯೊ ಮಾತ್ರ ಎರಡು ನಿಮಿಷಕ್ಕೊಮ್ಮೆ ನಿಲ್ಲುತ್ತೆ.

ಒಂದು ಸಣ್ಣ ಲೆಕ್ಕ ಮಾಡೋಣ. 2 ಗಂಟೆಯ ಸಿನಿಮಾ 8 ಜಿಬಿ ಇದ್ದರೆ ಸೆಕೆಂಡಿಗೆ ಸುಮಾರು 9 ಮೆಗಾಬಿಟ್ ಸಾಗಬೇಕು. ಅದೇ 2 ಗಂಟೆಗೆ 60 ಜಿಬಿ ಇದ್ದರೆ ಸುಮಾರು 67 ಮೆಗಾಬಿಟ್. 4ಕೆ ಕ್ಯಾಮೆರಾದಿಂದ ಬಂದ ಮೂಲ ಫೈಲ್‌ಗಳು 100 ಮೆಗಾಬಿಟ್ ಇರುವುದು ಮಾಮೂಲು. ಇದು ಸರಾಸರಿ, ಗದ್ದಲದ ದೃಶ್ಯ ಬಂದಾಗ ಇನ್ನೂ ಮೇಲೆ ಹೋಗುತ್ತದೆ.

ಈಗ ದಾರಿ ನೋಡಿ. ಬಹಳಷ್ಟು ಸ್ಮಾರ್ಟ್ ಟೀವಿಗಳ ಕೇಬಲ್ ಪೋರ್ಟ್ 100 ಮೆಗಾಬಿಟ್‌ನದು ಮಾತ್ರ, ಟೀವಿ ಎಷ್ಟೇ ದುಬಾರಿಯದಾದರೂ. ಹಾಗಾಗಿ ಕೇಬಲ್ ಹಾಕಿದ ಮೇಲೆ ಇನ್ನೂ ನಿಧಾನವಾಯಿತು ಎನ್ನುವವರ ಮಾತು ಸುಳ್ಳಲ್ಲ. ರೌಟರ್ ಹತ್ತಿರದಲ್ಲೇ ಇದ್ದರೆ 5 ಗಿಗಾಹರ್ಟ್ಜ್ ವೈಫೈ ಆ ಪೋರ್ಟಿಗಿಂತ ವೇಗ ಕೊಡುತ್ತದೆ. 2.4 ಗಿಗಾಹರ್ಟ್ಜ್ ವೈಫೈ ದೂರ ಹೋಗುತ್ತದೆ, ಆದರೆ ಅಕ್ಕಪಕ್ಕದ ಮನೆಗಳ ಗಲಾಟೆಯಲ್ಲಿ ಅಷ್ಟು ದೊಡ್ಡ ಫೈಲ್ ಎಳೆಯಲಾರದು. ಸರ್ವರ್ ಮಾತ್ರ ಕೇಬಲಿನಲ್ಲೇ ಇರಲಿ. ಸರ್ವರ್ ಮತ್ತು ಟೀವಿ ಎರಡೂ ವೈಫೈ ಆದರೆ ಒಂದೇ ವಿಡಿಯೊ ಗಾಳಿಯಲ್ಲಿ ಎರಡು ಸಲ ಹಾರಬೇಕು, ವೇಗ ಅರ್ಧಕ್ಕೆ ಇಳಿಯುತ್ತದೆ.

ಸರ್ವರಿನ ಕೇಬಲ್ ಸರಿ ಇದೆಯೇ ತಿಳಿಯಲು, ಕೇಬಲಿನಲ್ಲೇ ಇರುವ ಇನ್ನೊಂದು ಕಂಪ್ಯೂಟರಿಗೆ ದೊಡ್ಡ ಫೈಲ್ ಕಾಪಿ ಮಾಡಿ. ಗಿಗಾಬಿಟ್ ದಾರಿಯಾದರೆ ಸೆಕೆಂಡಿಗೆ 110 ಎಂಬಿ ಹತ್ತಿರ ಬರಬೇಕು. 11 ಎಂಬಿಗೇ ಅಂಟಿಕೊಂಡು ನಿಂತರೆ ದಾರಿಯಲ್ಲಿ ಎಲ್ಲೋ 100 ಮೆಗಾಬಿಟ್‌ಗೆ ಇಳಿದಿದೆ. ಕೇಬಲಿನೊಳಗೆ ನಾಲ್ಕು ಜೋಡಿ ತಂತಿ ಇರುತ್ತವೆ, ಗಿಗಾಬಿಟ್‌ಗೆ ನಾಲ್ಕೂ ಬೇಕು. ಒಂದು ತಂತಿ ಕಿತ್ತರೂ ಸದ್ದಿಲ್ಲದೆ 100ಕ್ಕೆ ಬರುತ್ತದೆ. ನಮ್ಮಲ್ಲಿ ಆದದ್ದು ಅದೇ. ಕಿಟಕಿಯ ಸಂದಿಯಲ್ಲಿ ಸಿಕ್ಕಿ ಕೇಬಲ್ ನುಗ್ಗಾಗಿತ್ತು. ಎರಡು ವಾರ ಸೆಟ್ಟಿಂಗ್‌ಗಳನ್ನು ತಿರುಚಿದ ಮೇಲೆ ಕೇಬಲ್ ಬದಲಿಸಿದೆ. ಆ ಸಂಜೆಯೇ ಸರಿಹೋಯಿತು.

ಇಷ್ಟಾಗಿಯೂ ಅಲ್ಪಸ್ವಲ್ಪ ತಡೆದರೆ ಕೋಡಿಯ ಬಫರ್, ಅಂದರೆ ಮುಂದಿನ ಭಾಗವನ್ನು ಮೊದಲೇ ತುಂಬಿಟ್ಟುಕೊಳ್ಳುವ ಜಾಗ ಹೆಚ್ಚಿಸಿ. 2024ರಲ್ಲಿ ಬಂದ 21ನೇ ಆವೃತ್ತಿಯಿಂದ ಇದು ಸೆಟ್ಟಿಂಗ್ ಪುಟದಲ್ಲೇ ಸಿಗುತ್ತದೆ.

ಮೊದಲ ಸಲ ಪ್ಲೇ ಒತ್ತಿದಾಗ ಹತ್ತು ಸೆಕೆಂಡ್ ಸುಮ್ಮನೆ ತಿರುಗುತ್ತೆ. ಆಮೇಲೆ ಸರಿ.

ಡಿಸ್ಕ್ ನಿದ್ದೆಯಲ್ಲಿತ್ತು, ಎದ್ದು ತಿರುಗಲು ಅಷ್ಟು ಹೊತ್ತು ಬೇಕು. ಇದು ತೊಂದರೆಯಲ್ಲ.

ಸಿನಿಮಾ ಮಧ್ಯೆ ನಿಂತುಹೋಗುತ್ತೆ. ಸರ್ವರಿನಲ್ಲಿ ನೋಡಿದರೆ ಡಿಸ್ಕೇ ಇಲ್ಲ.

ಇದು ರಾಸ್ಪ್‌ಬೆರಿ ಪೈ ಇಟ್ಟವರಿಂದ ಹೆಚ್ಚು ಬರುತ್ತದೆ. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಕೊಡಬಲ್ಲ ಕರೆಂಟ್ 1.2 ಆಂಪಿಯರ್. ಎರಡು ಪೋರ್ಟೆಬಲ್ ಡಿಸ್ಕ್ ಚುಚ್ಚಿದರೆ ಅದು ಸಾಲದು, ಡಿಸ್ಕ್ ಒಂದು ಕ್ಷಣ ಸತ್ತು ಮತ್ತೆ ಹುಟ್ಟುತ್ತದೆ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಹಾಕಿ. ಪೈಗೂ ಫೋನ್ ಚಾರ್ಜರ್ ಬೇಡ, ಅದರದ್ದೇ ಅಡಾಪ್ಟರ್ ಇರಲಿ. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಮಾತ್ರ ಈ ಪರೀಕ್ಷೆಗಳನ್ನೆಲ್ಲ ಬಿಟ್ಟು, ಇರುವ ಫೈಲ್‌ಗಳನ್ನು ಮೊದಲು ಬೇರೆ ಕಡೆ ಕಾಪಿ ಮಾಡಿಕೊಳ್ಳಿ.

ಚಿತ್ರ ಬರುತ್ತೆ, ಧ್ವನಿ ಇಲ್ಲ. ನೆಟ್‌ವರ್ಕ್ ವೀಕಾ?

ನೆಟ್‌ವರ್ಕಿನದ್ದಲ್ಲ. ಫೈಲಿನ ಧ್ವನಿ ಡಿಟಿಎಸ್‌ನಂಥ ಮಾದರಿಯಲ್ಲಿದ್ದು, ನಿಮ್ಮ ಟೀವಿಯ ಪ್ಲೇಯರಿಗೆ ಅದು ಬರುವುದಿಲ್ಲ. ಅದೇ ಫೈಲನ್ನು ವಿಎಲ್‌ಸಿಯಲ್ಲಿ ತೆರೆಯಿರಿ. ಧ್ವನಿ ಬಂದರೆ ವಿಷಯ ಖಚಿತ. ಧ್ವನಿ ಇದ್ದು ಪರದೆ ಕಪ್ಪಾಗಿದ್ದರೂ ಹೀಗೇ, ಚಿತ್ರದ ಮಾದರಿ ಟೀವಿಗೆ ಹೊಸದು.

## ಕನ್ನಡದ ಹೆಸರು, ಕನ್ನಡದ ಸಬ್‌ಟೈಟಲ್

ವಿಂಡೋಸ್‌ನಲ್ಲಿ ಸರಿ ಇರೋ ಕನ್ನಡ ಹೆಸರಿನ ಫೈಲ್ ಸರ್ವರಿಗೆ ಕಾಪಿಯೇ ಆಗಲ್ಲ. ಇಂಗ್ಲಿಷ್ ಹೆಸರು ಕೊಟ್ಟರೆ ಆಗುತ್ತೆ. ಕನ್ನಡ ಹಾಕಬಾರದಾ?

ಧಾರಾಳವಾಗಿ ಹಾಕಿ. ಹೆಸರು ತುಸು ಚಿಕ್ಕದಿರಲಿ. ವಿಂಡೋಸ್‌ನ ಡಿಸ್ಕ್ ಮಾದರಿ ಎನ್‌ಟಿಎಫ್‌ಎಸ್ ಒಂದು ಹೆಸರಿಗೆ 255 ಅಕ್ಷರ ಕೊಡುತ್ತದೆ. ಲಿನಕ್ಸ್‌ನ ಡಿಸ್ಕ್ ಮಾದರಿ ಎಕ್ಸ್‌ಟಿ 4 ಕೊಡುವುದು 255 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೇಕು. ಅಂದರೆ ನಮಗೆ ಸಿಗುವುದು 85 ಚಿಹ್ನೆ. ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. ‘ಶ್ರೀ’ ಒಂದೇ ಅಕ್ಷರದಂತೆ ಕಂಡರೂ ಒಳಗೆ ನಾಲ್ಕು ಚಿಹ್ನೆ, 12 ಬೈಟ್. ‘ಶ್ರೀಕೃಷ್ಣಸಂಧಾನ’ಕ್ಕೆ 42 ಬೈಟ್. ಪ್ರಸಂಗದ ಹೆಸರು, ಅರ್ಥಧಾರಿಗಳ ಹೆಸರು, ಊರು, ತಾರೀಕು ಎಲ್ಲವನ್ನೂ ಒಂದೇ ಸಾಲಿನಲ್ಲಿ ಪೋಣಿಸಿದರೆ ಮಿತಿ ದಾಟುತ್ತದೆ. ನಾನು ಊರು ಮತ್ತು ವರ್ಷವನ್ನು ಫೋಲ್ಡರಿಗೆ ಇಟ್ಟು, ಪ್ರಸಂಗವನ್ನು ಫೈಲಿಗೆ ಇಡುತ್ತೇನೆ. ಅರ್ಥಧಾರಿಗಳ ಪಟ್ಟಿಗೆ ಪಕ್ಕದಲ್ಲೇ ಒಂದು ಪಠ್ಯ ಫೈಲ್.

ಕೆಲವು ಫೈಲಿನ ಹೆಸರು ಟೀವಿಯಲ್ಲಿ ಏನೇನೋ ಇಂಗ್ಲಿಷ್ ಅಕ್ಷರ, ನಡುವೆ ಒಂದು ಅಲೆಗೆರೆ, ಹೀಗೆ ಬರುತ್ತೆ.

ಮೂಲ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ಕೋಲನ್, ಅಥವಾ ಕೊನೆಗೆ ಚುಕ್ಕಿ, ಖಾಲಿ ಜಾಗ ಇದೆ. ಲಿನಕ್ಸ್‌ಗೆ ಅವು ಸರಿ, ಎಸ್‌ಎಂಬಿಗೆ ನಿಷಿದ್ಧ. ಅದಕ್ಕೇ ಸಾಂಬಾ ತಾನೇ ಒಂದು ಗಿಡ್ಡ ಹೆಸರು ಕೊಡುತ್ತದೆ. ಸರ್ವರಿನಲ್ಲೇ ಹೆಸರು ಬದಲಿಸಿ.

ಅಣ್ಣ ಮ್ಯಾಕ್‌ನಿಂದ ಕಳಿಸಿದ ಸಬ್‌ಟೈಟಲ್ ತಾನಾಗಿ ಬರಲ್ಲ. ಎರಡರ ಹೆಸರೂ ಒಂದೇ ಇದೆ, ಅಕ್ಷರ ಅಕ್ಷರ ನೋಡಿದೆ.

ಕಣ್ಣಿಗೆ ಒಂದೇ, ಒಳಗೆ ಬೇರೆ. ಎಲ್ಲ ಭಾಷೆಗಳ ಅಕ್ಷರಕ್ಕೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ‘ೀ’ ಗುಣಿತವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ‘ಿ’ ಮತ್ತು ದೀರ್ಘದ ಗುರುತು ಎಂದು ಬಿಡಿಸಿಯೂ ಬರೆಯಬಹುದು. ‘ೇ’, ‘ೈ’, ‘ೊ’, ‘ೋ’ಗಳದ್ದೂ ಇದೇ ಕಥೆ. ಹಳೆಯ ಮ್ಯಾಕ್‌ಗಳು ಫೈಲಿನ ಹೆಸರನ್ನು ಬಿಡಿಸಿ ಇಡುತ್ತಿದ್ದವು. ಅಲ್ಲಿ ಜಿಪ್ ಮಾಡಿ ಕಳಿಸಿದರೆ ಹಾಗೇ ಬರುತ್ತದೆ. ಪ್ಲೇಯರ್ ಚಿಹ್ನೆಗಳನ್ನು ಹೋಲಿಸುತ್ತದೆ, ಅದಕ್ಕೆ ಎರಡೂ ಬೇರೆ ಹೆಸರು. ವಿಡಿಯೊದ ಹೆಸರನ್ನೇ ನಕಲು ಮಾಡಿ ಸಬ್‌ಟೈಟಲಿಗೆ ಅಂಟಿಸಿ. ನೂರಾರು ಫೈಲ್ ಇದ್ದರೆ ಕನ್ವ್‌ಎಂವಿ ಎಂಬ ಲಿನಕ್ಸ್ ಸಾಧನ ಒಂದೇ ಸಲಕ್ಕೆ ಕೂಡಿಸಿಕೊಡುತ್ತದೆ.

ಕನ್ನಡ ಸಬ್‌ಟೈಟಲ್ ಚೌಕ ಚೌಕ ಬರುತ್ತೆ. ಇನ್ನೊಂದು ಸಿನಿಮಾದಲ್ಲಿ ಬೇರೇನೋ ಗೀಚು.

ಚೌಕ ಬಂದರೆ ಪ್ಲೇಯರಿನಲ್ಲಿ ಕನ್ನಡ ಫಾಂಟ್ ಇಲ್ಲ. ನೋಟೋ ಸ್ಯಾನ್ಸ್ ಕನ್ನಡದಂಥ ಫಾಂಟನ್ನು ಕೋಡಿಯ ಫಾಂಟ್ ಫೋಲ್ಡರಿಗೆ ಹಾಕಿ, ಸಬ್‌ಟೈಟಲ್ ಸೆಟ್ಟಿಂಗಿನಲ್ಲಿ ಅದನ್ನು ಆರಿಸಿ. ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಗೆರೆ, ಚುಕ್ಕೆ ಕೂತಂತೆ ಕಂಡರೆ ಅದನ್ನು ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಯೂನಿಕೋಡ್‌ಗೆ ಪರಿವರ್ತಿಸಿ, ಯುಟಿಎಫ್ 8 ಎಂದು ಉಳಿಸಿ. ಪರಿವರ್ತಿಸುವಾಗ ಸಮಯದ ಸಾಲುಗಳನ್ನು ಮುಟ್ಟಬೇಡಿ, ಅಂಕಿ ಕೆಟ್ಟರೆ ಸಬ್‌ಟೈಟಲ್ ಬರುವುದೇ ಇಲ್ಲ.

## ಇನ್ನೂ ಮುಂದೆ ಹೋದವರಿಗೆ

ಎನ್‌ಎಫ್‌ಎಸ್ ಹಾಕಿದೆ. ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಬರುತ್ತೆ, ಟೀವಿಯ ಕೋಡಿಗೆ ಮಾತ್ರ ಇಲ್ಲ ಅನ್ನುತ್ತೆ.

ಎನ್‌ಎಫ್‌ಎಸ್ ಸರ್ವರ್ ಮಾಮೂಲಾಗಿ 1024ಕ್ಕಿಂತ ಕೆಳಗಿನ ಪೋರ್ಟಿನಿಂದ ಬಂದವರನ್ನಷ್ಟೇ ನಂಬುತ್ತದೆ. ಆ ಪೋರ್ಟ್ ಬಳಸಲು ರೂಟ್, ಅಂದರೆ ಯಂತ್ರದ ಯಜಮಾನನ ಅಧಿಕಾರ ಬೇಕು. ಆಂಡ್ರಾಯ್ಡ್ ಟೀವಿಯಲ್ಲಿ ಕೋಡಿ ಸಾಮಾನ್ಯ ಆ್ಯಪ್, ಅದಕ್ಕೆ ಆ ಅಧಿಕಾರ ಇಲ್ಲ. ಸರ್ವರಿನಲ್ಲಿ ಫೋಲ್ಡರ್ ಹಂಚಲು ಬರೆದ ಎಕ್ಸ್‌ಪೋರ್ಟ್ ಸಾಲಿನಲ್ಲಿ ಇನ್‌ಸೆಕ್ಯೂರ್ ಎಂಬ ಆಯ್ಕೆ ಸೇರಿಸಬೇಕು. ಹೆಸರು ಕೇಳಿ ಗಾಬರಿ ಬೇಡ. ಮನೆಯ ನೆಟ್‌ವರ್ಕಿಗೆ ಮಾತ್ರ, ಓದಲು ಮಾತ್ರ ಎಂದು ಕೊಟ್ಟರೆ ಸಾಕು.

ಮಗ ಅಮೆರಿಕದಲ್ಲಿದ್ದಾನೆ. ಅಜ್ಜನ ತಾಳಮದ್ದಳೆ ಅಲ್ಲಿಂದಲೇ ಕೇಳಬೇಕಂತೆ. ರೌಟರಿನಲ್ಲಿ ಪೋರ್ಟ್ ತೆರೆದುಬಿಡಲಾ?

ಬೇಡ. ಪೋರ್ಟ್ 445 ಅನ್ನು ಇಂಟರ್‌ನೆಟ್‌ಗೆ ಎಂದೂ ತೆರೆಯಬೇಡಿ. ತೆರೆದ ಬಾಗಿಲಿಗಾಗಿ ದಿನವಿಡೀ ಹುಡುಕುವ ಯಂತ್ರಗಳಿವೆ. ಎಷ್ಟೋ ಮನೆಗಳಲ್ಲಿ ತೆರೆದರೂ ಕೆಲಸ ಆಗುವುದಿಲ್ಲ. ರೌಟರಿನ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಶುರುವಾದರೆ ಇಂಟರ್‌ನೆಟ್ ಕಂಪನಿ ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ ಎಂದರ್ಥ. ಹೊರಗಿನಿಂದ ನಿಮ್ಮ ಮನೆಗೆ ನೇರ ದಾರಿಯೇ ಇಲ್ಲ.

ಸರ್ವರಿನಲ್ಲೂ ಮಗನ ಫೋನಿನಲ್ಲೂ ಟೇಲ್‌ಸ್ಕೇಲ್ ಎಂಬ ಆ್ಯಪ್ ಹಾಕಿ. ಅದು ವೈರ್‌ಗಾರ್ಡ್ ಎಂಬ ಸುರಂಗ ತಂತ್ರದ ಮೇಲೆ ಕಟ್ಟಿದ್ದು, ಇಬ್ಬರ ನಡುವೆ ಗುಪ್ತ ಸುರಂಗ ಮಾಡಿಕೊಡುತ್ತದೆ, ಪೋರ್ಟ್ ತೆರೆಯುವ ಕೆಲಸವಿಲ್ಲ. ಅಷ್ಟು ದೂರಕ್ಕೆ ಎಸ್‌ಎಂಬಿ ನಿಧಾನ, ಏಕೆಂದರೆ ಅದು ಮಾತು ಮಾತಿಗೂ ಉತ್ತರ ಕಾಯುತ್ತದೆ. ಜೆಲ್ಲಿಫಿನ್ ಒಳ್ಳೆಯದು. ತಾಳಮದ್ದಳೆ ಬರೀ ಧ್ವನಿ, ಸಲೀಸಾಗಿ ಹೋಗುತ್ತದೆ. ಮದುವೆ ವಿಡಿಯೊ ಕೇಳಿದರೆ ನಿಮ್ಮ ಮನೆಯ ಅಪ್‌ಲೋಡ್ ವೇಗ ನೋಡಿ, ಜೆಲ್ಲಿಫಿನ್‌ನಲ್ಲಿ ಗುಣಮಟ್ಟ ಇಳಿಸಿ ಕೊಡಿ.

ಎಲ್ಲ ನೋಡಿದೆ, ಇನ್ನೂ ಆಗ್ತಿಲ್ಲ. ನಿಮ್ಮನ್ನು ಕೇಳುವಾಗ ಏನೇನು ಬರೆದು ಕಳಿಸಲಿ?

ಸರ್ವರ್ ಯಾವುದು, ಅದರಲ್ಲಿ ಉಬುಂಟು ಎಷ್ಟನೆಯ ಆವೃತ್ತಿ. ಟೀವಿಯಲ್ಲಿ ಯಾವ ಆ್ಯಪ್. ಎರಡರ ಐಪಿ ವಿಳಾಸ. ಯಾವುದು ಕೇಬಲ್, ಯಾವುದು ವೈಫೈ. ಫೋನಿನ ವಿಎಲ್‌ಸಿಯಲ್ಲಿ ಏನಾಯಿತು. ಕೊನೆಯ ಸಲ ಸರಿ ಇದ್ದದ್ದು ಯಾವಾಗ, ಆಮೇಲೆ ಏನು ಬದಲಾಯಿತು. ಕೊನೆಯದಕ್ಕೆ ‘ಏನೂ ಬದಲಾಗಿಲ್ಲ’ ಎಂದು ಬರೆಯುವ ಮೊದಲು ಮನೆಯವರನ್ನೂ ಒಮ್ಮೆ ಕೇಳಿ. ಎರರ್ ಬಂದಿದ್ದರೆ ಬಾಯಲ್ಲಿ ಹೇಳಬೇಡಿ, ಟೀವಿಯ ಪರದೆ ಪೂರ್ತಿ ಕಾಣುವಂತೆ ಫೋಟೊ ತೆಗೆದು ಕಳಿಸಿ. ಪಾಸ್‌ವರ್ಡ್ ಮಾತ್ರ ನನಗೂ ಕಳಿಸಬೇಡಿ.